ಕಾಲ ಕೆಳಗಿನ ಸಭಾಂಗಣ

ಗಣೇಶೋತ್ಸವದ ರಸಮಂಜರಿ ಇನ್ನೇನು ಶುರುವಾಗಬೇಕು. ಗಾಯಕ ಮೈಕಿನ ತಲೆಯನ್ನು ಎರಡು ಸಲ ತಟ್ಟಿ, ‘ಹಲೋ, ಚೆಕ್, ಚೆಕ್’ ಎಂದು ನೋಡಿ, ಮೈಕ್‌ಸೆಟ್‌ನವರ ಕಡೆ ತಿರುಗುತ್ತಾನೆ. ‘ಅಣ್ಣಾ, ಸ್ವಲ್ಪ ಎಕೋ ಕೊಡಿ.’ ಅವರು ಒಂದು ನಾಬ್ ತಿರುಗಿಸುತ್ತಾರೆ. ಒಣಗಿದಂತಿದ್ದ ದನಿಗೆ ತಟ್ಟನೆ ತೇವ ಬರುತ್ತದೆ, ಹರವು ಬರುತ್ತದೆ. ಬಯಲಲ್ಲಿ ಹಾಕಿದ ಶಾಮಿಯಾನದೊಳಗೆ ದೊಡ್ಡ ಸಭಾಂಗಣವೊಂದು ಎದ್ದು ನಿಂತಂತಾಗುತ್ತದೆ.

ಗಾಯಕ ಬಾಯಲ್ಲಿ ಕೇಳಿದ್ದು ಎಕೋ, ಅಂದರೆ ಪ್ರತಿಧ್ವನಿ. ಅವನ ಕಿವಿಗೆ ಬೇಕಾಗಿದ್ದದ್ದು ಹೆಚ್ಚಿನ ಸಲ ರಿವರ್ಬ್, ಅಂದರೆ ಅನುರಣನ. ಗಿಟಾರ್, ಪಿಟೀಲು, ವೀಣೆ, ಕೀಬೋರ್ಡ್ ಯಾವುದಕ್ಕೇ ಆಗಲಿ, ಈ ಅನುರಣನವನ್ನು ಕೊಡುವ ಅಂಗೈಯಗಲದ ಡಬ್ಬಿಯೇ ಡಿಜಿಟಲ್ ರಿವರ್ಬ್ ಪೆಡಲ್. ನೆಲದ ಮೇಲಿಟ್ಟು ಕಾಲಿನಿಂದ ಒತ್ತಿದರೆ ಶುರು, ಮತ್ತೆ ಒತ್ತಿದರೆ ಬಂದ್. ಕೊಳ್ಳುವುದು ಸುಲಭ, ಜೋಡಿಸುವುದೂ ಸುಲಭ. ಆದರೂ ಎಷ್ಟೋ ಕಚೇರಿ, ಎಷ್ಟೋ ರೆಕಾರ್ಡಿಂಗ್ ಅದರಿಂದಲೇ ಕೆಸರಾಗುತ್ತವೆ. ಈ ಡಬ್ಬಿಯ ಮೇಲಿನ ಒಂದೊಂದು ನಾಬೂ ನಿಜವಾದ ಕೋಣೆಯೊಂದರ ಗೋಡೆಗೋ ಪರದೆಗೋ ಸಂಬಂಧಪಟ್ಟದ್ದು. ಕೋಣೆ ಅರ್ಥವಾದರೆ ಪೆಡಲ್ ತಾನಾಗಿ ಅರ್ಥವಾಗುತ್ತದೆ.

ಮೊದಲು ಎಕೋ ಮತ್ತು ರಿವರ್ಬ್‌ಗಳ ವ್ಯತ್ಯಾಸ. ವಿಜಯಪುರದ ಗೋಲಗುಮ್ಮಟದ ಮೆಟ್ಟಿಲು ಹತ್ತಿ, ಗುಮ್ಮಟದ ಒಳಸುತ್ತಿನ ಪಿಸುಮಾತಿನ ಗ್ಯಾಲರಿಯಲ್ಲಿ ನಿಂತು ಚಪ್ಪಾಳೆ ತಟ್ಟಿದವರಿಗೆ ಅದು ಮತ್ತೆ ಮತ್ತೆ ಮರಳಿ ಬಂದದ್ದು ನೆನಪಿರುತ್ತದೆ. ಏಳು ಸಲ ಎಂದು ಮಾರ್ಗದರ್ಶಿಗಳು ಎಣಿಸಿ ತೋರಿಸುತ್ತಾರೆ. ಗುಮ್ಮಟದ ಒಳವ್ಯಾಸ ಸುಮಾರು 38 ಮೀಟರ್. ಶಬ್ದ ಸೆಕೆಂಡಿಗೆ ಸುಮಾರು 340 ಮೀಟರ್ ಓಡುತ್ತದೆ. ಎದುರು ಗೋಡೆ ಮುಟ್ಟಿ ಹಿಂದಿರುಗಲು 76 ಮೀಟರ್ ದಾರಿ. ಅದಕ್ಕೆ ಸೆಕೆಂಡಿನ ಐದನೇ ಒಂದು ಭಾಗಕ್ಕಿಂತ ತುಸು ಹೆಚ್ಚು ಹೊತ್ತು ಬೇಕು. ಎರಡು ಶಬ್ದಗಳ ನಡುವೆ ಸೆಕೆಂಡಿನ ಹತ್ತನೇ ಒಂದು ಭಾಗದಷ್ಟು ಅಂತರವಿದ್ದರೆ ಕಿವಿ ಅವನ್ನು ಬಿಡಿಬಿಡಿಯಾಗಿ ಗುರುತಿಸುತ್ತದೆ. ಹೀಗೆ ಬಿಡಿಯಾಗಿ, ಎಣಿಸುವಂತೆ ಬರುವುದು ಪ್ರತಿಧ್ವನಿ.

ಅದೇ ಚಪ್ಪಾಳೆಯನ್ನು ಗೃಹಪ್ರವೇಶಕ್ಕೆ ಮುಂಚಿನ ಖಾಲಿ ಮನೆಯ ಹಾಲ್‌ನಲ್ಲಿ ತಟ್ಟಬೇಕು. ಗೋಡೆಗಳು ಹತ್ತಿರ. ಶಬ್ದ ಒಂದು ಸೆಕೆಂಡಿನೊಳಗೆ ನೂರಾರು ಸಲ ಗೋಡೆ, ನೆಲ, ಚಾವಣಿಗೆ ಬಡಿದು ಬರುತ್ತದೆ. ಎಣಿಸಲಾಗದಷ್ಟು ಒತ್ತೊತ್ತಾಗಿ ಬರುವುದರಿಂದ ಎಲ್ಲವೂ ಬೆಸೆದು ಒಂದೇ ಬಾಲವಾಗಿ ಕೇಳಿ, ಮೆಲ್ಲಗೆ ಆರುತ್ತದೆ. ಇದು ಅನುರಣನ. ಸೋಫಾ, ಪರದೆ, ಹಾಸಿಗೆ ಬಂದ ಮೇಲೆ ಅದೇ ಹಾಲ್‌ನಲ್ಲಿ ಆ ಬಾಲ ಮಾಯವಾಗುತ್ತದೆ. ಪೆಡಲ್ ಅಂಗಡಿಯಲ್ಲಿ ‘ಡಿಲೇ’ ಎಂದು ಮಾರುವ ಡಬ್ಬಿ ಮೊದಲನೆಯ ಕೆಲಸ ಮಾಡುತ್ತದೆ, ‘ರಿವರ್ಬ್’ ಎಂದು ಮಾರುವ ಡಬ್ಬಿ ಎರಡನೆಯದನ್ನು.

ಈ ಬಾಲವನ್ನು ಮೊದಲು ಅಳೆದವರು ಅಮೆರಿಕದ ಹಾರ್ವರ್ಡ್ ವಿಶ್ವವಿದ್ಯಾಲಯದ ಯುವ ಅಧ್ಯಾಪಕ ವಾಲೇಸ್ ಸಬೈನ್. 1895ರಲ್ಲಿ ಅವರ ಪಾಲಿಗೆ ಬಂದದ್ದು ಒಂದು ದೂರು: ಫಾಗ್ ಕಲಾ ಸಂಗ್ರಹಾಲಯದ ಹೊಸ ಉಪನ್ಯಾಸ ಕೊಠಡಿಯಲ್ಲಿ ಹೇಳಿದ್ದೊಂದೂ ಕೇಳಿಸುವುದಿಲ್ಲ. ಆಡಿದ ಒಂದು ಪದ ಅಲ್ಲಿ ಸುಮಾರು 5.5 ಸೆಕೆಂಡು ಉಳಿಯುತ್ತಿತ್ತು. ಅಷ್ಟರಲ್ಲಿ ಇನ್ನೂ ಹತ್ತಾರು ಪದಗಳು ಅದರ ಮೇಲೆ ಬಂದು ಬೀಳುತ್ತಿದ್ದವು. ಸಬೈನ್ ರಾತ್ರಿಹೊತ್ತು ಸಹಾಯಕರ ಜೊತೆ ಹತ್ತಿರದ ಸ್ಯಾಂಡರ್ಸ್ ಥಿಯೇಟರಿನಿಂದ ಆಸನದ ದಿಂಬುಗಳನ್ನು ಹೊತ್ತು ತಂದು, ಕೊಠಡಿಯಲ್ಲಿ ಹಾಸಿ, ಆರ್ಗನ್ ಕೊಳವೆಯೊಂದನ್ನು ಊದಿಸಿ, ಸದ್ದು ಎಷ್ಟು ಹೊತ್ತಿಗೆ ಆರುತ್ತದೆ ಎಂದು ಕಿವಿಯಲ್ಲೇ ಕೇಳಿ ಅಳೆದರು. ಬೆಳಗಾಗುವುದರೊಳಗೆ ದಿಂಬುಗಳು ಮತ್ತೆ ತಮ್ಮ ಜಾಗ ಸೇರಬೇಕಿತ್ತು. ಈ ದುಡಿಮೆಯಿಂದ ಹುಟ್ಟಿದ ಸೂತ್ರ ಇಂದಿಗೂ ಬಳಕೆಯಲ್ಲಿದೆ. ಕೋಣೆ ದೊಡ್ಡದಾದಷ್ಟೂ ಬಾಲ ಉದ್ದ. ಶಬ್ದ ಹೀರುವ ವಸ್ತು ಹೆಚ್ಚಿದಷ್ಟೂ ಬಾಲ ಗಿಡ್ಡ. ಶಬ್ದ 60 ಡೆಸಿಬೆಲ್ ಇಳಿಯಲು, ಅಂದರೆ ಅದರ ಶಕ್ತಿ ಹತ್ತು ಲಕ್ಷದ ಒಂದು ಪಾಲಿಗೆ ಕುಗ್ಗಲು ಹಿಡಿಯುವ ಹೊತ್ತನ್ನೇ ಈಗ ಅನುರಣನ ಕಾಲ ಎನ್ನುತ್ತಾರೆ. ಸಬೈನ್ ಅವರ ಸಲಹೆಯಂತೆ ಕಟ್ಟಿ 1900ರಲ್ಲಿ ತೆರೆದ ಬಾಸ್ಟನ್ ಸಿಂಫನಿ ಹಾಲ್, ಜನ ತುಂಬಿದಾಗ ಸುಮಾರು 1.9 ಸೆಕೆಂಡಿನ ಅನುರಣನ ಕೊಡುತ್ತದೆ. ಲೋಕದ ಅತ್ಯುತ್ತಮ ಸಂಗೀತ ಸಭಾಂಗಣಗಳ ಸಾಲಿನಲ್ಲಿ ಅದರ ಹೆಸರು ಈಗಲೂ ಇದೆ.

ಸಭಾಂಗಣ ಇಲ್ಲದ ಕಡೆ ಅದನ್ನು ತರುವುದು ಹೇಗೆ? ರೆಕಾರ್ಡಿಂಗ್ ಮಂದಿ ಇದಕ್ಕಾಗಿ ಹೂಡಿದ ಉಪಾಯಗಳು ಒಂದೆರಡಲ್ಲ. 1947ರಲ್ಲಿ ಷಿಕಾಗೋದ ಬಿಲ್ ಪುಟ್ನಮ್, ಹಾರ್ಮೋನಿಕ್ಯಾಟ್ಸ್ ತಂಡದ ಮೌತ್ ಆರ್ಗನ್ ಹಾಡೊಂದಕ್ಕೆ ಸ್ಟುಡಿಯೋದ ಬಚ್ಚಲುಮನೆಯನ್ನೇ ಬಳಸಿಕೊಂಡರು. ಅಲ್ಲಿ ಸ್ಪೀಕರ್ ಇಟ್ಟು ಹಾಡು ನುಡಿಸಿ, ಮೈಕ್ ಇಟ್ಟು ಅದರ ಗುಂಗನ್ನು ಹಿಡಿದರು. ಅರಿಜೋನಾದ ಫೀನಿಕ್ಸ್‌ನಲ್ಲಿ ಡ್ವೇನ್ ಎಡ್ಡಿಯ ಗಿಟಾರಿಗೆ ದೊಡ್ಡ ನೀರಿನ ಟ್ಯಾಂಕು ಅದೇ ಕೆಲಸ ಮಾಡಿತು. ಜರ್ಮನಿಯ ಇಎಂಟಿ ಕಂಪನಿ 1957ರಲ್ಲಿ ಕೋಣೆಯ ಬದಲು ಉಕ್ಕಿನ ತಗಡನ್ನು ತಂದಿತು. ಎರಡು ಮೀಟರ್ ಉದ್ದ, ಒಂದು ಮೀಟರ್ ಎತ್ತರ, ಅರ್ಧ ಮಿಲಿಮೀಟರ್ ದಪ್ಪದ ತಗಡು. ಅದನ್ನು ಬಿಗಿದ ಚೌಕಟ್ಟು, ಪೆಟ್ಟಿಗೆ ಎಲ್ಲ ಸೇರಿ ತೂಕ ಸುಮಾರು 270 ಕಿಲೋ. ಹ್ಯಾಮಂಡ್ ಆರ್ಗನ್ನಿನವರು ಸ್ಪ್ರಿಂಗ್ ಸುರುಳಿಯಲ್ಲಿ ಶಬ್ದ ಹಾಯಿಸಿದರು. 1960ರ ದಶಕದ ಆರಂಭದಲ್ಲಿ ಫೆಂಡರ್ ಕಂಪನಿ ಆ ಸ್ಪ್ರಿಂಗನ್ನು ಗಿಟಾರ್ ಆಂಪ್‌ಗೆ ತಂದಿತು. ಇಂದಿನ ಪೆಡಲ್‌ಗಳ ಮೇಲೆ ‘ಚೇಂಬರ್’, ‘ಪ್ಲೇಟ್’, ‘ಸ್ಪ್ರಿಂಗ್’ ಎಂದು ಕಾಣುವ ಹೆಸರುಗಳು ಈ ಕೋಣೆ, ತಗಡು, ಸುರುಳಿಗಳವೇ.

ಲೆಕ್ಕದಿಂದಲೇ ಅನುರಣನ ಹುಟ್ಟಿಸಬಹುದು ಎಂದು ತೋರಿಸಿದವರು ಬೆಲ್ ಪ್ರಯೋಗಾಲಯದ ಮಾನ್‌ಫ್ರೆಡ್ ಶ್ರೋಡರ್. 1961-62ರ ಅವರ ಬರಹಗಳಲ್ಲಿ ಇಂದಿನ ಪೆಡಲಿನ ಬೀಜವಿದೆ. ಶಬ್ದವನ್ನು ಅಂಕಿಗಳ ಸಾಲಾಗಿಸಿ ನೆನಪಿನಲ್ಲಿಟ್ಟು, ಸೆಕೆಂಡಿನ ನೂರನೇ ಮೂರು-ನಾಲ್ಕು ಭಾಗದಷ್ಟು ತಡ ಮಾಡಿ, ತುಸು ತಗ್ಗಿಸಿ ಮತ್ತೆ ಅದೇ ಸಾಲಿಗೆ ಸೇರಿಸುತ್ತ ಹೋಗುವುದು. ಇಂಥ ನಾಲ್ಕು ಸುತ್ತುಗಳನ್ನು ಒಟ್ಟಿಗೆ ಓಡಿಸುವುದು. ಅವುಗಳ ಮೊತ್ತವನ್ನು ಇನ್ನೂ ಗಿಡ್ಡನೆಯ ಎರಡು ಸುತ್ತುಗಳಲ್ಲಿ ಹಾಯಿಸಿ ಒತ್ತೊತ್ತಾಗಿಸುವುದು.

ಇದರಲ್ಲಿ ಒಂದು ಸೂಕ್ಷ್ಮವಿದೆ, ಲಯ ಬಲ್ಲವರಿಗೆ ಅದು ಕೂಡಲೇ ಹೊಳೆಯುತ್ತದೆ. ನಾಲ್ಕೂ ಸುತ್ತುಗಳ ಅಳತೆ ಒಂದೇ ಆಗಿದ್ದರೆ ಎಲ್ಲ ಮರುದನಿಗಳೂ ಒಂದೇ ಕಡೆ ಬಿದ್ದು ಡಬ್ಬದೊಳಗೆ ತಟ್ಟಿದಂತೆ ಕೇಳುತ್ತದೆ. ನಾಲ್ವರು ಒಂದೇ ಕ್ಷಣಕ್ಕೆ ಶುರುಮಾಡಿ, ಒಬ್ಬ ತಿಶ್ರದಲ್ಲಿ 3 ಅಕ್ಷರಕ್ಕೊಮ್ಮೆ, ಇನ್ನೊಬ್ಬ ಚತುರಶ್ರದಲ್ಲಿ 4ಕ್ಕೊಮ್ಮೆ, ಮತ್ತೊಬ್ಬ ಖಂಡದಲ್ಲಿ 5ಕ್ಕೊಮ್ಮೆ, ಮಗದೊಬ್ಬ ಮಿಶ್ರದಲ್ಲಿ 7ಕ್ಕೊಮ್ಮೆ ಚಪ್ಪಾಳೆ ತಟ್ಟಲಿ. ನಾಲ್ವರ ಚಪ್ಪಾಳೆಯೂ ಮತ್ತೆ ಒಟ್ಟಿಗೆ ಬೀಳುವುದು 420 ಅಕ್ಷರ ಕಳೆದ ಮೇಲೆ. ಅಲ್ಲಿಯವರೆಗೆ ಮಳೆಹನಿ ಬಿದ್ದಂತೆ ಚೆದುರಿದ ಸದ್ದು. ಶ್ರೋಡರ್ ಸುತ್ತುಗಳ ಅಳತೆಯನ್ನು ಹೀಗೆ ಒಂದಕ್ಕೊಂದು ಹೊಂದದಂತೆ ಆರಿಸಬೇಕು ಎಂದರು. ಸೆಕೆಂಡಿಗೆ ಸುಮಾರು ಸಾವಿರ ಮರುದನಿ ದಾಟಿದರೆ ಕಿವಿಗೆ ಅವು ಬಿಡಿಯಾಗಿ ಕೇಳುವುದಿಲ್ಲ ಎಂಬುದೂ ಅವರದೇ ಅಂದಾಜು.

ಈ ಲೆಕ್ಕ ಯಂತ್ರವಾಗಿ ಮಾರುಕಟ್ಟೆಗೆ ಬರಲು ಹದಿನೈದು ವರ್ಷ ಬೇಕಾಯಿತು. 1976ರ ಇಎಂಟಿ 250, ಬ್ಯಾರಿ ಬ್ಲೆಸರ್ ಅವರ ಕೈಕೆಲಸ, ನೆಲದ ಮೇಲೆ ನಿಲ್ಲಿಸುವ ಹೀಟರಿನಂತೆ ಕಾಣುತ್ತಿತ್ತು. 1978ರಲ್ಲಿ ಲೆಕ್ಸಿಕಾನ್ 224 ಬಂತು. ಎರಡೂ ದೊಡ್ಡ ಸ್ಟುಡಿಯೋಗಳ ಸೊತ್ತು. 1987ರಲ್ಲಿ ಜಪಾನಿನ ಬಾಸ್ ಕಂಪನಿ ಆರ್‌ವಿ-2 ಪೆಡಲ್ ತಂದಾಗ ಡಿಜಿಟಲ್ ರಿವರ್ಬ್ ವಾದಕನ ಕಾಲ ಬುಡಕ್ಕೆ ಬಂತು. 270 ಕಿಲೋ ತಗಡಿನ ಕೆಲಸವನ್ನು ಅರ್ಧ ಕಿಲೋ ಆಸುಪಾಸಿನ ಡಬ್ಬಿ ಮಾಡತೊಡಗಿತು.

ಈಗ ನಾಬ್‌ಗಳ ಕಡೆ ಬರಬಹುದು. ಅದೇ ಕಂಪನಿ 2015ರ ಸುಮಾರಿಗೆ ತಂದ ಆರ್‌ವಿ-6 ಒಳ್ಳೆಯ ಉದಾಹರಣೆ. ಅದರ ಮೇಲಿರುವುದು ನಾಲ್ಕೇ ನಾಬ್: ಲೆವೆಲ್, ಟೋನ್, ಟೈಮ್, ಮೋಡ್. ಬೇರೆ ಕಂಪನಿಗಳ ಪೆಡಲ್‌ನಲ್ಲಿ ಹೆಸರು ತುಸು ಬದಲಾಗಬಹುದು, ಕೆಲಸ ಬದಲಾಗದು.

ಮೋಡ್ ಎಂದರೆ ಯಾವ ಕೋಣೆ ಎಂಬ ಆಯ್ಕೆ. ‘ರೂಮ್’ ಎಂದರೆ ಮನೆಯ ಹಜಾರ. ‘ಹಾಲ್’ ಎಂದರೆ ಸಭಾಂಗಣ. ‘ಪ್ಲೇಟ್’ ಎಂದರೆ ಆ ಉಕ್ಕಿನ ತಗಡು, ಮೊದಲ ಕ್ಷಣದಿಂದಲೇ ಒತ್ತಾದ ಹೊಳಪಿನ ನಾದ. ‘ಸ್ಪ್ರಿಂಗ್’ ಎಂದರೆ ಸುರುಳಿಯ ಚಿಮ್ಮುವ ಸದ್ದು. ‘ಶಿಮ್ಮರ್’ ಮಾತ್ರ ಲೋಕದ ಯಾವ ಕೋಣೆಯಲ್ಲೂ ಸಿಗದ್ದು. ಬಾಲವನ್ನು ಒಂದು ಸ್ಥಾಯಿ ಮೇಲಕ್ಕೆತ್ತಿ ಮತ್ತೆ ಅದರೊಳಗೇ ಬಿಡುವುದರಿಂದ ಮಧ್ಯ ಸ್ಥಾಯಿಯ ಸ್ವರದ ಹಿಂದೆ ತಾರ ಸ್ಥಾಯಿಯದು ಮಂಜಿನಂತೆ ಏಳುತ್ತದೆ. 1980ರ ದಶಕದಲ್ಲಿ ಬ್ರಯನ್ ಈನೋ ಮತ್ತು ಡೇನಿಯಲ್ ಲಾನ್ವಾ ಸ್ಟುಡಿಯೋದಲ್ಲಿ ಕಷ್ಟಪಟ್ಟು ಕಟ್ಟಿಕೊಂಡ ನಾದ ಅದು.

ಟೈಮ್ ಎಂದರೆ ಸಬೈನ್ ಅಳೆದ ಬಾಲದ ಉದ್ದ. ಲೆವೆಲ್ ಅಥವಾ ಮಿಕ್ಸ್ ಎಂದರೆ ಕೇಳುಗ ವಾದ್ಯದಿಂದ ಎಷ್ಟು ದೂರ ಕುಳಿತಿದ್ದಾನೆ ಎಂಬುದು. ಮುಂದಿನ ಸಾಲಿನವನಿಗೆ ವಾದ್ಯದ ನೇರ ದನಿ ಹೆಚ್ಚು, ಗೋಡೆಯ ದನಿ ಕಡಿಮೆ; ಹಿಂದಿನ ಸಾಲಿನವನಿಗೆ ಇದರ ತಿರುವುಮುರುವು. ಆದ್ದರಿಂದ ಲೆವೆಲ್ ಏರಿಸಿದಷ್ಟೂ ವಾದಕ ತನ್ನನ್ನು ತಾನೇ ಹಿಂದಕ್ಕೆ ತಳ್ಳಿಕೊಳ್ಳುತ್ತಾನೆ. ಟೋನ್ ಎಂದರೆ ಗೋಡೆಯ ಮೇಲೇನಿದೆ ಎಂಬುದು. ಪರದೆ, ಜಮಖಾನೆ, ಜನರ ಬಟ್ಟೆ ಮೊದಲು ಹೀರುವುದು ಏರುದನಿಯ ಚುರುಕನ್ನು. ಟೋನ್ ಇಳಿಸಿದರೆ ಪರದೆ ಇಳಿಬಿಟ್ಟಂತೆ, ಏರಿಸಿದರೆ ಅಮೃತಶಿಲೆ ಹೊದಿಸಿದಂತೆ.

ಕೆಲವು ಪೆಡಲ್‌ಗಳಲ್ಲಿ ‘ಪ್ರೀ-ಡಿಲೇ’ ಎಂಬ ಇನ್ನೊಂದು ನಾಬ್ ಇರುತ್ತದೆ. ವಾದ್ಯದ ನೇರ ದನಿಗೂ ಗೋಡೆಯಿಂದ ಬರುವ ಮೊದಲ ಮರುದನಿಗೂ ನಡುವಿನ ಬಿಡುವು ಅದು. 20 ಮಿಲಿಸೆಕೆಂಡ್ ಇಟ್ಟರೆ ಗೋಡೆಯ ದನಿ ಸುಮಾರು ಏಳು ಮೀಟರ್ ಹೆಚ್ಚು ದಾರಿ ನಡೆದು ಬಂದಂತೆ. ಈ ಸಣ್ಣ ಬಿಡುವಿನಲ್ಲಿ ಮೀಟಿನ ಮೊನೆ, ಬಿಲ್ಲಿನ ತಾಗು ಸ್ಪಷ್ಟವಾಗಿ ಕೇಳಿಸಿಬಿಡುತ್ತದೆ. ದನಿ ಮಸುಕಾಗದೆ ದೊಡ್ಡದಾಗಬೇಕು ಎನ್ನುವವರು ಮೊದಲು ಮುಟ್ಟಬೇಕಾದ ನಾಬ್ ಇದು.

ಎಷ್ಟು ಉದ್ದದ ಬಾಲ ಸರಿ ಎಂಬುದನ್ನು ನುಡಿಸುವ ಸಂಗೀತವೇ ಹೇಳುತ್ತದೆ. ಇಸ್ತಾಂಬುಲ್‌ನ ಹಾಗಿಯಾ ಸೋಫಿಯಾ ಕಟ್ಟಡದ ಅನುರಣನ ಸುಮಾರು 11 ಸೆಕೆಂಡು. ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ಸಂಶೋಧಕರು ಅಲ್ಲಿ ಬಲೂನು ಒಡೆದು, ಆ ಸದ್ದು ಆರುವ ಬಗೆಯನ್ನು ರೆಕಾರ್ಡ್ ಮಾಡಿ, ಅದರಿಂದ ಇಡೀ ಕಟ್ಟಡದ ಅನುರಣನವನ್ನು ಅಮೆರಿಕದ ಸಭಾಂಗಣದಲ್ಲಿ ಮರುಸೃಷ್ಟಿಸಿದರು. ಕಪೆಲಾ ರೊಮಾನಾ ಎಂಬ ಗಾಯನವೃಂದ ಅದರೊಳಗೆ ಬೈಜಾಂಟೈನ್ ಸ್ತೋತ್ರಗಳನ್ನು ಹಾಡಿತು. ಎಳೆದೆಳೆದು, ಒಂದು ಸ್ವರದ ಮೇಲೆ ನಿಂತು ನಿಂತು ಸಾಗುವ ಗಾಯನಕ್ಕೆ 11 ಸೆಕೆಂಡು ಹೊರೆಯಾಗುವುದಿಲ್ಲ.

ಗಮಕದ ಸಂಗೀತದಲ್ಲಿ ಹಾಗಲ್ಲ. ತೋಡಿ ರಾಗದ ಗಾಂಧಾರ ಒಂದೆಡೆ ನಿಲ್ಲುವ ಸ್ವರವಲ್ಲ. ರಿಷಭದ ಕಡೆ ಬಾಗಿ ತೂಗುತ್ತಲೇ ಇರುತ್ತದೆ. ಮೂರು ಸೆಕೆಂಡಿನ ಬಾಲ ಹಾಕಿದರೆ ಆ ತೂಗಿನ ಈ ತುದಿ, ಆ ತುದಿ, ನಡುವಿನ ದಾರಿ ಎಲ್ಲವೂ ಏಕಕಾಲಕ್ಕೆ ಕೇಳುತ್ತವೆ. ಕೇಳುಗನಿಗೆ ಸಿಗುವುದು ಗಮಕವಲ್ಲ, ಅದರ ಕಲೆಸು. ದ್ರುತ ಕಾಲದ ಕಲ್ಪನಾಸ್ವರದಲ್ಲೂ ಇದೇ ಪಾಡು. ಹಿಂದಿನ ಸ್ವರ ಆರುವ ಮುಂಚೆ ಮುಂದಿನ ನಾಲ್ಕು ಬಂದಿರುತ್ತವೆ. ಹಾಗಾಗಿ ಪಿಟೀಲು, ವೀಣೆ, ಎಲೆಕ್ಟ್ರಿಕ್ ಮ್ಯಾಂಡೊಲಿನ್ ನುಡಿಸುವವರಿಗೆ ‘ರೂಮ್’ ಅಥವಾ ‘ಪ್ಲೇಟ್’, ಒಂದರಿಂದ ಒಂದೂವರೆ ಸೆಕೆಂಡಿನ ಬಾಲ, ಇಳಿಸಿದ ಟೋನ್, ಕಡಿಮೆ ಲೆವೆಲ್ ಒಳ್ಳೆಯ ಆರಂಭ. ಆಲಾಪನೆಗೆ ತುಸು ಏರಿಸಿ, ಕಲ್ಪನಾಸ್ವರ ಶುರುವಾಗುವ ಹೊತ್ತಿಗೆ ಇಳಿಸಿಕೊಳ್ಳಬಹುದು.

ವೀಣೆಗೆ ಹಲಸಿನ ಕೊಡವಿದೆ, ಸಿತಾರಿಗೆ ತಾವಾಗಿ ಮಿಡಿಯುವ ತರಬ್ ತಂತಿಗಳಿವೆ. ನಾದದ ಬಾಲ ಅವುಗಳ ಮೈಯಲ್ಲೇ ಇದೆ. ಗಟ್ಟಿ ಮರದ ಎಲೆಕ್ಟ್ರಿಕ್ ಗಿಟಾರ್, ಮ್ಯಾಂಡೊಲಿನ್‌ಗಳಿಗೆ ಆ ಹೊಟ್ಟೆಯಿಲ್ಲ. ರಿವರ್ಬ್ ಹೆಚ್ಚು ಒಗ್ಗುವುದು ಅವುಗಳಿಗೇ.

ಇನ್ನು ಜೋಡಣೆ. ಗಿಟಾರಿನವರ ಪೆಡಲ್ ಸಾಲಿನಲ್ಲಿ ರಿವರ್ಬ್‌ಗೆ ಕೊನೆಯ ಜಾಗ: ಟ್ಯೂನರ್, ಓವರ್‌ಡ್ರೈವ್, ಡಿಲೇ, ಆಮೇಲೆ ರಿವರ್ಬ್. ಓವರ್‌ಡ್ರೈವ್ ಸಣ್ಣ ಸದ್ದನ್ನೂ ದೊಡ್ಡದು ಮಾಡಿ ಒಡೆಯುತ್ತದೆ. ರಿವರ್ಬ್ ಅದಕ್ಕಿಂತ ಮುಂಚೆ ಇದ್ದರೆ, ಆರಬೇಕಿದ್ದ ಬಾಲವೆಲ್ಲ ಉಬ್ಬಿ ಸ್ವರವನ್ನು ಮುಚ್ಚಿಬಿಡುತ್ತದೆ. ಆಂಪ್ ಒಳಗಿನ ಓವರ್‌ಡ್ರೈವನ್ನೇ ಬಳಸುವವರು ಹಿಂಭಾಗದ ‘ಸೆಂಡ್-ರಿಟರ್ನ್’ ಜ್ಯಾಕ್‌ಗಳ ನಡುವೆ ರಿವರ್ಬ್ ಇಡಬೇಕು.

ಮೈಕಿನ ವಯರನ್ನು ನೇರವಾಗಿ ಪೆಡಲ್‌ಗೆ ಚುಚ್ಚಬಾರದು. ಮೈಕಿನ ಸಿಗ್ನಲ್ ತೀರ ಕ್ಷೀಣ, ಪೆಡಲ್ ಇರುವುದು ಗಿಟಾರಿನ ಸಿಗ್ನಲ್‌ಗೆ. ಕೊಳಲು, ಪಿಟೀಲು, ಹಾಡುಗಾರಿಕೆಗೆ ಮಿಕ್ಸರಿನಿಂದ ಸಿಗ್ನಲನ್ನು ಹೊರಗೆ ಕಳಿಸುವ ‘ಆಕ್ಸ್’ ದಾರಿಯೇ ಸರಿ. ಆಕ್ಸ್‌ನಿಂದ ಪೆಡಲ್‌ಗೆ, ಪೆಡಲ್‌ನಿಂದ ಮಿಕ್ಸರಿನ ಖಾಲಿ ಚಾನೆಲ್‌ಗೆ. ಇಲ್ಲಿ ಮೂರು ಎಚ್ಚರ ಬೇಕು. ಪೆಡಲ್ ಬರಿಯ ಬಾಲವನ್ನಷ್ಟೇ ಕೊಡುವಂತೆ ಮಿಕ್ಸ್ ಪೂರ್ತಿ ಏರಿಸಬೇಕು. ಮಿಕ್ಸರಿನ ಸಿಗ್ನಲ್ ಜೋರಾಗಿರುವುದರಿಂದ ಪೆಡಲ್ ಒಡೆದ ದನಿ ಕೊಡದಂತೆ ಆಕ್ಸ್ ತಗ್ಗಿಸಬೇಕು. ಮರಳಿ ಬರುವ ಚಾನೆಲ್‌ನ ಅದೇ ಆಕ್ಸ್ ಸೊನ್ನೆಯಲ್ಲಿರಬೇಕು. ಇಲ್ಲದಿದ್ದರೆ ಬಾಲ ತನ್ನನ್ನೇ ನುಂಗುತ್ತ ಸುತ್ತಿ ಕ್ಷಣದಲ್ಲಿ ಕಿರುಚಾಟ ಹುಟ್ಟುತ್ತದೆ. ವೀಣೆಗೋ ಪಿಟೀಲಿಗೋ ಅಂಟಿಸುವ ಪೀಜೋ ಪಿಕಪ್ ಆದರೆ, ನಡುವೆ ಪ್ರೀ-ಆಂಪ್ ಇದ್ದರೆ ದನಿಯ ತಳ ಸೊರಗುವುದಿಲ್ಲ.

ಕರೆಂಟಿನ ವಿಚಾರ ಚಿಕ್ಕದು, ಆದರೆ ಪೆಡಲ್ ಸುಡುವುದು ಅಲ್ಲಿಯೇ. ಹೆಚ್ಚಿನ ಪೆಡಲ್‌ಗಳಿಗೆ 9 ವೋಲ್ಟ್ ಡಿಸಿ ಬೇಕು, ಪಿನ್ನಿನ ಒಳಭಾಗ ಋಣ, ಹೊರಭಾಗ ಧನ. ಮನೆಯಲ್ಲಿರುವ ಕೀಬೋರ್ಡಿನ ಅಡಾಪ್ಟರ್ 12 ವೋಲ್ಟಿನದೋ, ಧನ ಒಳಗಿರುವುದೋ ಆಗಿದ್ದರೆ ಪೆಡಲ್ ಒಂದೇ ಕ್ಷಣದಲ್ಲಿ ಹಾಳಾಗಬಹುದು. ಅಡಾಪ್ಟರಿನ ಮೇಲಿನ ಸಣ್ಣ ಚಿತ್ರವನ್ನು ಓದಿಯೇ ಚುಚ್ಚಬೇಕು. ಡಿಜಿಟಲ್ ಪೆಡಲ್ ಸಾದಾ ಪೆಡಲ್‌ಗಿಂತ ಹೆಚ್ಚು ಕರೆಂಟ್ ಎಳೆಯುತ್ತದೆ, ಬ್ಯಾಟರಿ ಬೇಗ ಮುಗಿಯುತ್ತದೆ. ಒಂದೇ ಅಡಾಪ್ಟರಿನಿಂದ ನಾಲ್ಕಾರು ಪೆಡಲ್‌ಗೆ ಕವಲು ಹಾಕಿದರೆ ಸ್ಪೀಕರಿನಲ್ಲಿ ಕುಯ್ಯೆನ್ನುವ ಸದ್ದು ಸೇರಿಕೊಳ್ಳುವುದೂ ಉಂಟು. ಪ್ರತಿ ಪೆಡಲ್‌ಗೆ ಬೇರ್ಪಟ್ಟ ಕರೆಂಟ್ ಕೊಡುವ ಪವರ್ ಸಪ್ಲೈ ಇದಕ್ಕೆ ಮದ್ದು.

ಇಷ್ಟೆಲ್ಲ ಸರಿಯಿದ್ದರೂ ವಾದಕರು ಮರೆಯುವುದು ಒಂದನ್ನು: ಪೆಡಲ್ ಒಳಗಿನ ಕೋಣೆ ಸೇರುವುದು ಹೊರಗಿನ ಕೋಣೆಗೆ. ಗ್ರಾನೈಟ್ ನೆಲ, ಗಾಜಿನ ಕಿಟಕಿ, ಕಾಂಕ್ರೀಟ್ ಚಾವಣಿಯ ಕಲ್ಯಾಣ ಮಂಟಪ ತಾನೇ ದೊಡ್ಡ ರಿವರ್ಬ್. ಅಲ್ಲಿ ಇನ್ನೊಂದು ಹಾಲ್ ಸೇರಿಸಿದರೆ ಎರಡು ಬಾಲ ಹೆಣೆದುಕೊಂಡು ಪಲ್ಲವಿಯ ಸಾಹಿತ್ಯವೇ ತಿಳಿಯುವುದಿಲ್ಲ. ಬೆಂಗಳೂರಿನ ಚಾಮರಾಜಪೇಟೆಯ ಕೋಟೆ ಹೈಸ್ಕೂಲ್ ಮೈದಾನದ ರಾಮನವಮಿ ಕಚೇರಿಗಳಂತೆ ಬಯಲ ಚಪ್ಪರದಲ್ಲಿ ನಡೆಯುವ ಸಂಗೀತದ ಮಾತು ಬೇರೆ. ಬಯಲಲ್ಲಿ ಗೋಡೆಯಿಲ್ಲ, ದನಿ ಹೋದದ್ದು ಹೋಯಿತು. ಅಲ್ಲಿ ಹದವಾದ ರಿವರ್ಬ್ ವಾದ್ಯಕ್ಕೆ ನಿಜಕ್ಕೂ ನೆರವಾಗುತ್ತದೆ. ಸಬೈನ್ ಹೊತ್ತು ತಂದ ದಿಂಬುಗಳ ಪಾಠವೂ ಇಲ್ಲಿ ನೆನಪಾಗಬೇಕು. ಕುಳಿತ ಜನ ಶಬ್ದ ಹೀರುತ್ತಾರೆ. ಸಂಜೆ ನಾಲ್ಕಕ್ಕೆ ಖಾಲಿ ಕುರ್ಚಿಗಳ ಮುಂದೆ ಸರಿ ಮಾಡಿಕೊಂಡ ನಾಬ್, ಆರೂವರೆಗೆ ಸಭೆ ತುಂಬಿದಾಗ ಸರಿಯಿರುವುದಿಲ್ಲ.

ಹೊಸದಾಗಿ ಪೆಡಲ್ ಕೊಂಡವರು ಮುಂದಿನ ಕಾರ್ಯಕ್ರಮಕ್ಕೆ ಹೀಗೆ ಮಾಡಿ ನೋಡಲಿ. ವಾದ್ಯ ಬಿಚ್ಚುವ ಮುಂಚೆ ಸಭಾಂಗಣದ ನಡುವೆ ನಿಂತು ಒಂದೇ ಒಂದು ಚಪ್ಪಾಳೆ ತಟ್ಟಿ, ಅದು ಆರುವವರೆಗೆ ಗಡಿಯಾರ ನೋಡಿ ಎಣಿಸಬೇಕು. ಒಂದು ಸೆಕೆಂಡಿನೊಳಗೆ ಆರಿದರೆ ಪೆಡಲ್‌ಗೆ ಅಲ್ಲಿ ಕೆಲಸವಿದೆ. ಲೆವೆಲ್ ಸೊನ್ನೆಯಿಂದ ಶುರುಮಾಡಿ, ಬಾಲ ಕಿವಿಗೆ ಬೀಳುವವರೆಗೆ ಏರಿಸಿ, ಅಲ್ಲಿಂದ ಒಂದು ಕೂದಲೆಳೆಯಷ್ಟು ಇಳಿಸಬೇಕು. ಆಮೇಲೆ ಗೆಳೆಯನೊಬ್ಬನನ್ನು ಕೊನೆಯ ಸಾಲಿನಲ್ಲಿ ಕೂರಿಸಿ, ಫೋನಿನಲ್ಲಿ ರೆಕಾರ್ಡ್ ಮಾಡಿಸಿ ಕೇಳಬೇಕು. ವೇದಿಕೆಯ ಮೇಲೆ ಕೇಳುವುದೂ ಸಭೆಯಲ್ಲಿ ಕೇಳುವುದೂ ಒಂದೇ ಅಲ್ಲ. ಎರಡು ಸೆಕೆಂಡಾದರೂ ಚಪ್ಪಾಳೆ ಆರದಿದ್ದರೆ, ಆ ಸಂಜೆ ಪೆಡಲ್ ಚೀಲದಲ್ಲೇ ಇರಲಿ.